ಆಲ್ದೋದ ಒಳಗಿನ ಪ್ರೀತಿ

ಟೀಚರ್ ನಿವೃತ್ತರಾದ ದಿನ ಶಾಲೆಯ ಆಡಳಿತ ಮಂಡಳಿಯವರು ಅವರಿಗೊಂದು ಗಾಜಿನ ಸ್ಮರಣಿಕೆ ಕೊಟ್ಟರು. ಅದರ ಮೇಲೆ ಇಂಗ್ಲಿಷಿನಲ್ಲಿ ಕೆಲವು ಸಾಲು ಕೆತ್ತಿಸಿದ್ದರು. ಕನ್ನಡದಲ್ಲಿ ಹೇಳುವುದಾದರೆ, ‘ತಲೆಮಾರುಗಳಿಗೆ ಬೆಳಕಾದ, ಅಳತೆಗೆ ಸಿಗದ ಸೇವೆ ಸಲ್ಲಿಸಿದ, ಈ ಸಂಸ್ಥೆಯ ಕೀರ್ತಿಯನ್ನು ಎತ್ತಿ ಹಿಡಿದ ನಮ್ಮ ಪ್ರೀತಿಯ ಶಿಕ್ಷಕಿ’ ಎಂದು. ಅಷ್ಟಕ್ಕೆ ಗಾಜು ಮುಗಿದಿತ್ತು. ಹೆಗಲ ಮೇಲೆ ಶಾಲು, ಕೊರಳಲ್ಲಿ ಏಲಕ್ಕಿ ಹಾರ. ಫೋಟೋದವನು ‘ಇಲ್ಲಿ ನೋಡಿ, ಇಲ್ಲಿ ನೋಡಿ’ ಎಂದು ಕೂಗುತ್ತಿದ್ದರೂ ಟೀಚರ್ ಗಾಜನ್ನೇ ನೋಡುತ್ತಿದ್ದರು. ಓದಿ ಮುಗಿಸಿ, ತಿರುಗಿಸಿ ಹಿಂಬದಿಯನ್ನೂ ನೋಡಿದರು. ಮತ್ತೆ ಪಕ್ಕದಲ್ಲಿ ನಿಂತಿದ್ದ ಹೆಡ್ಮಾಸ್ಟರನ್ನು ಕೇಳಿದರು:

“ಮುಂದೆ ಎಂತ ಸಾರ್?”

“ಮುಂದೆ ಅಂದ್ರೆ?”

“ಪ್ರೀತಿಯ ಶಿಕ್ಷಕಿ ಎಂತ ಮಾಡಿದ್ಲು ಅಂತ ಇಲ್ಲ ಇದ್ರಲ್ಲಿ. ಬಂದ್ಲಾ, ಹೋದ್ಲಾ, ಸತ್ತೋದ್ಲಾ? ಕ್ರಿಯಾಪದವೇ ಇಲ್ಲ.”

“ಗಾಜಿನಲ್ಲಿ ಜಾಗ ಸಾಕಾಗ್ಲಿಲ್ಲ ಟೀಚರ್,” ಎಂದರು ಹೆಡ್ಮಾಸ್ಟರು. ಅವರು ಪಾಪದವರು.

ಆ ದಿನ ನನಗೂ ಮಾತಾಡಲು ಎರಡು ನಿಮಿಷ ಕೊಟ್ಟಿದ್ದರು. ಟೀಚರ್ ಶಿಸ್ತಿನವರು, ಸಮಯಪಾಲನೆಯವರು, ಎಲ್ಲರೊಂದಿಗೆ ಬೆರೆಯುವವರು ಎಂದೆಲ್ಲ ಹೇಳಿ ಕೂತೆ. ಮೂರನೆಯದು ಶುದ್ಧ ಸುಳ್ಳು. ವೇದಿಕೆಯ ಮೇಲೆ ಕೂತಿದ್ದವರ ಎದುರು, ಹೇಳಬೇಕಾದ್ದನ್ನು ಹೇಳುವ ಹಾಗಿರಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಶಾಲೆ ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಒಳಗೆ ಎಲ್ಲೋ ಉಂಟು ಎಂದರೆ ಸಾಕು. ನಾನು ಅಲ್ಲಿ ಗಣಿತದ ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ನನ್ನದೂ ಅವರದೂ ಅಕ್ಕಪಕ್ಕದ ಕುರ್ಚಿ.

ಅವರು ಇಂಗ್ಲಿಷ್ ಟೀಚರ್. ಇಂಗ್ಲಿಷಿನಲ್ಲಿ ಪದ್ಯ ಉಂಟು, ಪಾಠ ಉಂಟು, ಪತ್ರಲೇಖನ ಉಂಟು. ಅದನ್ನೆಲ್ಲ ಅವರು ಸಿಲೆಬಸ್ಸಿನವರ ಮುಖ ನೋಡಿ ಮುಗಿಸುತ್ತಿದ್ದರು. ಮನಸ್ಸಿಟ್ಟು ಕಲಿಸುತ್ತಿದ್ದದ್ದು ವ್ಯಾಕರಣದ ಕ್ಲಾಸ್ (clause) ಮಾತ್ರ. ವಾಕ್ಯದೊಳಗಿನ ವಾಕ್ಯ, ಪ್ರಧಾನ ವಾಕ್ಯ, ಅಧೀನ ವಾಕ್ಯ ಎಂದೆಲ್ಲ ನಾವು ಕನ್ನಡದಲ್ಲಿ ಕರೆಯುವ ಆ ಕ್ಲಾಸ್. ತರಗತಿಗೂ ಅದಕ್ಕೂ ನಮ್ಮ ಕಡೆಯ ಬಾಯಲ್ಲಿ ಉಚ್ಚಾರ ಒಂದೇ. ಒಮ್ಮೆ ಇಲಾಖೆಯಿಂದ ಬಂದ ಅಧಿಕಾರಿಯೊಬ್ಬರು ಒಂಬತ್ತನೆಯವರ ಹತ್ತಿರ “ನಿಮ್ಮ ಕ್ಲಾಸ್ ಟೀಚರ್ ಯಾರು?” ಎಂದು ಕೇಳಿದಾಗ ಇಡೀ ತರಗತಿ ಇವರ ಕಡೆ ಕೈ ತೋರಿಸಿತು. ಆ ತರಗತಿಯ ನಿಜವಾದ ಕ್ಲಾಸ್ ಟೀಚರ್ ಆಗಿದ್ದ ನಾನು ಬಾಗಿಲಲ್ಲೇ ನಿಂತಿದ್ದೆ.

ಅವರು ಕಲಿಸುವ ಕ್ರಮ ನೋಡುವ ಹಾಗಿತ್ತು. ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ವಾಕ್ಯ ಬರೆಯುವುದು. ಮಕ್ಕಳು ಬಂದು ಕ್ರಿಯಾಪದಗಳ ಅಡಿಗೆ ಕೆಂಪು ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಎಷ್ಟು ಗೆರೆಯೋ ಅಷ್ಟು ಕ್ಲಾಸ್. ಆಮೇಲೆ ಇಬ್ಬರನ್ನು ಎದುರಿಗೆ ಕರೆಯುವುದು. ಒಬ್ಬ ನೆಟ್ಟಗೆ ನಿಲ್ಲಬೇಕು. ಇನ್ನೊಬ್ಬ ಒಂದು ಕಾಲೆತ್ತಿ ಅವನ ಹೆಗಲಿಗೆ ಒರಗಬೇಕು.

“ಇವ ಮೈನ್. ಅವ ಸಬಾರ್ಡಿನೇಟ್. ಈಗ ಮೈನ್ ನಡಿ!”

ಮೈನ್ ನಡೆಯುತ್ತಿದ್ದ. ಸಬಾರ್ಡಿನೇಟ್ ಬೀಳುತ್ತಿದ್ದ. ತರಗತಿ ನಗುತ್ತಿತ್ತು. ಬಿದ್ದವನ ತಾಯಿ ಒಮ್ಮೆ ಶಾಲೆಗೆ ಬಂದು, ನನ್ನ ಮಗನನ್ನೂ ಒಂದು ದಿನ ಮೈನ್ ಮಾಡಿ ಎಂದು ಜಗಳ ಮಾಡಿ ಹೋದರು. ಮರುದಿನವೇ ಟೀಚರ್ ಅವನನ್ನು ಮೈನ್ ಮಾಡಿದರು.

ತರಗತಿಯ ಒಳಗೆ ಇದೆಲ್ಲ ಚಂದವೇ. ಕಷ್ಟ ಇದ್ದದ್ದು ಹೊರಗೆ. ನಮ್ಮ ಹೆಡ್ಮಾಸ್ಟರಿಗೆ ಮಾತು ನೇರ ಬರುತ್ತಿರಲಿಲ್ಲ. “ಮೇಲಿನಿಂದ ಏನೂ ಬಾರದೆ ಇದ್ದರೆ, ಎಲ್ಲರಿಗೂ ಅನುಕೂಲವಾದರೆ, ಮಳೆಯ ಪರಿಸ್ಥಿತಿ ನೋಡಿಕೊಂಡು, ಶನಿವಾರ…” ಎಂದು ಎಳೆಯುವಾಗ ಮೂಲೆಯಿಂದ ಟೀಚರ್, “ಶನಿವಾರ ಎಂತ ಸಾರ್?” ಎಂದು ಕೇಳುತ್ತಿದ್ದರು. ಹೆಡ್ಮಾಸ್ಟರಿಗೆ ಅಲ್ಲಿಗೆ ಶನಿವಾರ ಏನೆಂದೇ ಮರೆತುಹೋಗುತ್ತಿತ್ತು. ನಾನು ಕಾಣಿಯೂರಿನಲ್ಲಿ ಮನೆ ಕಟ್ಟಿಸಿ ಒಕ್ಕಲಿನ, ಅಂದರೆ ಗೃಹಪ್ರವೇಶದ, ಕಾಗದ ಕೊಟ್ಟಾಗ, ಕುಂಕುಮ ಹಚ್ಚಿದ ಆ ಕಾಗದವನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ನನಗೇ ವಾಪಸು ಕೊಟ್ಟರು. ಒಕ್ಕಲಿಗೆ ಬಂದು ಹೋಳಿಗೆ ಎರಡೆರಡು ಸಲ ಹಾಕಿಸಿಕೊಂಡರು ಎನ್ನುವುದನ್ನೂ ಹೇಳಬೇಕು. ಅವರ ಯಜಮಾನರು ಸುಳ್ಯದಲ್ಲಿ ಗೇರುಬೀಜದ ವ್ಯಾಪಾರಿ, ಬಹಳ ಮಿತಭಾಷಿ. ಸ್ವಭಾವವೋ, ಮದುವೆಯ ನಂತರ ಹಾಗಾದದ್ದೋ ಎಂದು ಸ್ಟಾಫ್ ರೂಮಿನಲ್ಲಿ ಎರಡು ಅಭಿಪ್ರಾಯ ಇತ್ತು.

ಇಷ್ಟೆಲ್ಲ ಇದ್ದೂ ಟೀಚರಿಗೆ ಇಂಗ್ಲಿಷ್ ಮಾತಾಡಲಿಕ್ಕೆ ಬರುತ್ತಿತ್ತಾ ಎಂದು ಕೇಳಿದರೆ, ಅವರೇ ಹೇಳಿದ ಒಂದು ಕತೆ ಉಂಟು. ಅವರ ತವರು ಮಡಿಕೇರಿ ರಸ್ತೆಯ ಕಲ್ಲುಗುಂಡಿ. ಒಂದು ಸಲ ಅಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ವಿದೇಶದ ಗಂಡ ಹೆಂಡತಿ ಕಾರು ನಿಲ್ಲಿಸಿ, ಮಡಿಕೇರಿಗೆ ದಾರಿ ಯಾವುದು ಎಂದು ಕೇಳಿದರಂತೆ. ಅಲ್ಲಿ ದಾರಿ ಇರುವುದೇ ಒಂದು. ಎದುರಿಗೆ ಬೆರಳು ತೋರಿಸಿದರೆ ಸಾಕು. ಟೀಚರ್ ಬೆರಳು ತೋರಿಸಲಿಲ್ಲ. ವಾಕ್ಯ ಕಟ್ಟಿದರು. “ನೀವು ಯಾವ ರಸ್ತೆಯಲ್ಲಿ ನಿಂತಿದ್ದೀರೋ ಆ ರಸ್ತೆಯು, ಎಲ್ಲಿ ಹೊಳೆ ಸಿಗುತ್ತದೋ ಅಲ್ಲಿ ತಿರುಗದೆ ನೀವು ಮುಂದುವರಿದರೆ…” ಎಂದು ಒಳಗೊಳಗೇ ಜೋಡಿಸಿ, ವಿಚ್ ಹಾಕುವುದಾ ದ್ಯಾಟ್ ಹಾಕುವುದಾ ಎಂದು ತೀರ್ಮಾನಿಸಿ, ಬಾಯಿ ತೆರೆಯುವಾಗ ಕಾರು ಹೋಗಿಯಾಗಿತ್ತು.

“ಸರಿಯಾದ ದಾರಿಯಲ್ಲೇ ಹೋದ್ರು,” ಎಂದು ಅವರು ಕತೆ ಮುಗಿಸಿದರು. “ಆದ್ರೆ ನನ್ನ ವಾಕ್ಯ ಕೇಳಿ ಹೋಗಿದ್ರೆ ಒಳ್ಳೇದಿತ್ತು.”

ಇಂಥವರ ಶಾಲೆಗೆ ಹೊಸ ಸಂಚಾಲಕರು ಬಂದರು. ಮುಂಬಯಿಯಲ್ಲಿ ಬಹುಕಾಲ ಹೋಟೆಲ್ ನಡೆಸಿ, ಅದನ್ನು ಅಳಿಯನಿಗೆ ಒಪ್ಪಿಸಿ, ಊರಿಗೆ ಏನಾದರೂ ಮಾಡಬೇಕೆಂದು ಬಂದವರು. ಊರು ಮೊದಲೇ ಅಂದಾಜು ಮಾಡಿ ಜಾಗ್ರತೆ ಮಾಡಬಹುದಿತ್ತು, ಮಾಡಲಿಲ್ಲ. ಏಪ್ರಿಲ್ ಸೆಕೆಯಲ್ಲೂ ಕೋಟು ಹಾಕುತ್ತಿದ್ದರು. ಹೋಟೆಲಿಗೆ ರುಚಿ ಹೇಗೋ ಶಾಲೆಗೆ ರಿಸಲ್ಟ್ ಹಾಗೆ ಎಂದು ಮೊದಲ ಸ್ಟಾಫ್ ಮೀಟಿಂಗಿನಲ್ಲೇ ಹೇಳಿದರು. ಹತ್ತನೆಯಲ್ಲಿ ನೂರಕ್ಕೆ ನೂರು ಬರಬೇಕು. ಬರುವುದು ಹೇಗೆ? ಅದಕ್ಕೆ ಅವರಲ್ಲಿ ಸುಲಭದ ಉಪಾಯ ಇತ್ತು. ಫೇಲಾಗುವ ಮಕ್ಕಳನ್ನು ಒಂಬತ್ತನೆಯ ಕೊನೆಗೇ ಸಾಗಹಾಕುವುದು. ಹಾಳಾದ ತರಕಾರಿಯನ್ನು ಅಡುಗೆಮನೆಯ ಒಳಗೆ ತರುವುದೇ ಇಲ್ಲ, ಅಷ್ಟೆ.

ಆದರೆ ಮಕ್ಕಳನ್ನು ನೇರವಾಗಿ ಹೊರಹಾಕುವ ಹಾಗಿಲ್ಲ, ಕಾನೂನು ಉಂಟು. ಪೋಷಕರೇ ಬಂದು, ನಮ್ಮ ಮಗುವಿಗೆ ಬೇರೆ ಶಾಲೆ ಬೇಕು, ಟೀಸಿ ಕೊಡಿ ಎಂದು ಕೇಳಬೇಕು. ಹಾಗಾಗಿ ಕಲಿಕೆಯಲ್ಲಿ ಹಿಂದಿದ್ದ ಏಳೆಂಟು ಮಕ್ಕಳ ಪೋಷಕರನ್ನು ಮಾತ್ರ ಸಭೆಗೆ ಕರೆದರು. ಬೀಡಿ ಕಟ್ಟುವ ಹೆಂಗಸರು, ರಬ್ಬರ್ ಟ್ಯಾಪಿಂಗಿನವರು, ಕುಂಬ್ರದಲ್ಲಿ ಮಿಕ್ಸಿ ಗ್ರೈಂಡರ್ ರಿಪೇರಿಯ ಅಂಗಡಿ ಇಟ್ಟಿದ್ದ ಹಮೀದ್. ಎಲ್ಲರೂ ಮದುವೆಗೆ ಹೋಗುವ ಅಂಗಿ ಸೀರೆಯಲ್ಲಿ ಬಂದಿದ್ದರು. ಶಾಲೆಯಿಂದ ಫೋನು ಮಾಡಿ ‘ವಿಶೇಷ ಸಭೆ’ ಎಂದು ಕರೆದದ್ದಕ್ಕೆ, ಮಕ್ಕಳಿಗೆ ಬಹುಮಾನ ಇರಬಹುದು ಎಂದು ಒಂದಿಬ್ಬರು ಅಂದುಕೊಂಡಿದ್ದರು.

ಸಂಚಾಲಕರು ಇಂಗ್ಲಿಷಿನಲ್ಲಿ ಮಾತಾಡಿದರು. ಸ್ವಂತ ಇಂಗ್ಲಿಷಲ್ಲ. ಅವರ ಸೋದರಳಿಯ ಮೊಬೈಲಿನ ಯಾವುದೋ ಆ್ಯಪಿಗೆ ಹೇಳಿ ಬರೆಸಿಕೊಟ್ಟದ್ದು. ಕೇಳಲಿಕ್ಕೆ ಭಾರೀ ಚಂದ. ಮುಖ್ಯ ಭಾಗ ಉದ್ದದ ಒಂದೇ ವಾಕ್ಯದಲ್ಲಿತ್ತು. ಈ ಸಂಸ್ಥೆಯು ಪ್ರತಿಯೊಂದು ಮಗುವನ್ನೂ ಸಮಾನವಾಗಿ ಪ್ರೀತಿಸುತ್ತದಾದರೂ, ಪ್ರತಿ ಮಗುವಿನ ಪ್ರತಿಭೆ ವಿಭಿನ್ನವಾಗಿರುವುದರಿಂದ, ಯಾವ ಮಕ್ಕಳು ತಮಗೆ ಹೆಚ್ಚು ಹೊಂದುವ ವಾತಾವರಣದಲ್ಲಿ ಅರಳಬಲ್ಲರೋ ಅಂಥವರ ಪೋಷಕರು, ಅವರಿಗೆ ಇಷ್ಟವಿದ್ದಲ್ಲಿ, ಈ ತಿಂಗಳೊಳಗೆ ಸ್ವಯಂಪ್ರೇರಿತರಾಗಿ ವರ್ಗಾವಣೆ ಪತ್ರ ಪಡೆಯತಕ್ಕದ್ದು. ಸಂಚಾಲಕರು ಉಸಿರು ಎಳೆದುಕೊಂಡದ್ದೇ ಹೆಡ್ಮಾಸ್ಟರು ಚಪ್ಪಾಳೆ ಹೊಡೆದರು. ಅವರು ಹೊಡೆದರೆಂದು ಪೋಷಕರೂ ಹೊಡೆದರು. ಹಮೀದ್ ಎಲ್ಲರಿಗಿಂತ ಜೋರು ಹೊಡೆದ.

“ಟೀಚರ್, ಸ್ವಲ್ಪ ಕನ್ನಡದಲ್ಲಿ ಹೇಳಿಬಿಡಿ ಇವರಿಗೆ,” ಎಂದರು ಸಂಚಾಲಕರು ಬೆವರು ಒರೆಸಿಕೊಳ್ಳುತ್ತಾ.

ಟೀಚರ್ ಎದ್ದು ಬಂದರು. ಮೈಕಿನ ಎತ್ತರ ಸರಿಮಾಡಿಕೊಂಡರು.

“ಸಾರ್, ಪೂರಾ ಹೇಳುದಾ, ಮೈನ್ ಕ್ಲಾಸ್ ಮಾತ್ರ ಹೇಳುದಾ?”

“ಶಾರ್ಟಾಗಿ ಹೇಳಿ, ಸಾಕು.”

ನಾನು ಗೋಡೆಯ ಬದಿಯಲ್ಲಿ ನಿಂತಿದ್ದೆ. ಏನಾಗಲಿದೆ ಎಂದು ನನಗೆ ಗೊತ್ತಾಯಿತು. ಹೆಡ್ಮಾಸ್ಟರಿಗೂ ಗೊತ್ತಾಯಿತು. ಅವರು ಕಣ್ಣು ಮುಚ್ಚಿಕೊಂಡರು.

“ನಿಮ್ಮ ಮಕ್ಕಳ ಟೀಸಿ ತಕ್ಕೊಂಡು ಹೋಗ್ಬೇಕು ಅಂತ ಹೇಳಿದ್ರು,” ಎಂದರು ಟೀಚರ್.

ಮುಂದಿನ ಸಾಲಿನ ಹೆಂಗಸೊಬ್ಬರು ನಗುಮುಖದಲ್ಲೇ ಕೂತಿದ್ದರು. ಮುಖಕ್ಕೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಹಮೀದ್ ಎದ್ದು ನಿಂತ. “ಟೀಚರೇ, ಸಾರು ಅಷ್ಟು ಹೊತ್ತು ಮಾತಾಡಿದ್ದು ಇಷ್ಟೆಯಾ?”

“ಅಲ್ಲ, ಬೇರೆಯೂ ಉಂಟು. ಮಕ್ಕಳ ಮೇಲೆ ಪ್ರೀತಿ ಉಂಟು ಅಂತಲೂ ಹೇಳಿದ್ದಾರೆ. ಆದ್ರೆ ಅದನ್ನು ಆಲ್ದೋ, ಅಂದ್ರೆ ‘ಆದರೂ’, ಹಾಕಿ ಹೇಳಿದ್ದು. ಆಲ್ದೋದ ಒಳಗೆ ಇದ್ದದ್ದು ಲೆಕ್ಕಕ್ಕೆ ಬರುದಿಲ್ಲ.”

“ಟೀಸಿ ಎಂತಕ್ಕೆ? ನನ್ನ ಮಗಳು ಎಂತ ಮಾಡಿದ್ದಾಳೆ?”

“ಮಾಡ್ಲಿಲ್ಲ. ಮುಂದಿನ ವರ್ಷ ಫೇಲಾದ್ರೆ ಅಂತ ಹೆದರಿಕೆ. ಒಬ್ರು ಫೇಲಾದ್ರೂ ಶಾಲೆಗೆ ನೂರಕ್ಕೆ ನೂರು ಬರುದಿಲ್ಲ.”

“ಇದು ಸಾರು ಹೇಳಿದ್ದಾ?”

“ಇದು ಸಾರ್ ಹೇಳ್ಲಿಲ್ಲ. ಇದು ಬಿಕಾಸ್. ಅದನ್ನು ಅವ್ರು ಬಿಟ್ಟಿದ್ದಾರೆ.”

“ಆಗ ನಾವು ಚಪ್ಪಾಳೆ ಹೊಡೆದದ್ದು ಎಂತಕ್ಕೆ ಮಾರಾಯ್ರೆ!” ಎಂದು ಹಮೀದ್ ಸುತ್ತ ನೋಡಿದ. ಯಾರೋ ನಕ್ಕರು. ಯಾರೋ ಅತ್ತರು. ಬೀಡಿಯ ಹೆಂಗಸರು ತುಳುವಿನಲ್ಲಿ ಒಟ್ಟಿಗೇ ಮಾತಾಡಲು ಸುರು ಮಾಡಿದರು, ಅದರಲ್ಲಿ ಒಂದೂ ಉಪವಾಕ್ಯ ಇರಲಿಲ್ಲ.

ಸಂಚಾಲಕರು ಎದ್ದೇಬಿಟ್ಟರು. “ಟೀಚರ್, ನಾನು ಹಾಗೆ ಹೇಳಿಲ್ಲ! ಅವರಿಗೆ ಇಷ್ಟವಿದ್ದರೆ ಅಂತ ಹೇಳಿದ್ದೇನೆ. ಇಫ್! ಇಫ್ ಅಂತ ಕ್ಲಿಯರಾಗಿ ಹೇಳಿದ್ದೇನೆ.”

ಟೀಚರ ಮುಖದಲ್ಲಿ ನಿಜವಾದ ಪಶ್ಚಾತ್ತಾಪ ಕಂಡಿತು.

“ಹೌದು. ಅದನ್ನು ಬಿಟ್ಟದ್ದು ನನ್ನದೇ ತಪ್ಪು,” ಎಂದು ಮೈಕಿಗೆ ಬಂದರು. “ನಿಮಗೆ ಇಷ್ಟ ಇದ್ರೆ ತಕ್ಕೊಂಡು ಹೋಗಿ ಅಂತ ಸಾರ್ ಹೇಳಿದ್ದು. ನಿಮಗೆ ಇಷ್ಟ ಉಂಟಾ?”

“ಇಲ್ಲ!” ಎಂದರು ಎಲ್ಲರೂ.

“ಆಯ್ತಲ್ಲ ಸಾರ್,” ಎಂದು ಟೀಚರ್ ತಿರುಗಿದರು. “ಇಫ್ ಬಿದ್ದು ಹೋಯ್ತು. ಮೈನ್ ಕ್ಲಾಸೂ ಹೋಯ್ತು. ಇವ್ರನ್ನು ಮನೆಗೆ ಕಳಿಸ್ಬಹುದಾ?”

ಷರತ್ತು ಸುಳ್ಳಾದರೆ ತೀರ್ಮಾನವೂ ಸುಳ್ಳಾಗಬೇಕೆಂದಿಲ್ಲ ಎಂದು ನಮ್ಮ ಗಣಿತ ಹೇಳುತ್ತದೆ. ಆದರೆ ಆ ಹೊತ್ತಿನಲ್ಲಿ ಮೈಕಿನ ಹತ್ತಿರ ಹೋಗಿ ಅದನ್ನು ವಿವರಿಸಬೇಕೆಂದು ನನಗೆ ಅನ್ನಿಸಲಿಲ್ಲ.

ಮಕ್ಕಳು ಉಳಿದರು. ಟೀಚರಿಗೆ ಶಿಕ್ಷೆ ಆಗದೆ ಇರುತ್ತದಾ? ಹತ್ತನೆಯ ಇಂಗ್ಲಿಷನ್ನು ಅವರ ಕೈಯಿಂದ ತೆಗೆದು ಹೊಸಬರಿಗೆ ಕೊಟ್ಟರು. ಆ ಏಳೆಂಟು ಮಕ್ಕಳನ್ನು ಪ್ರತ್ಯೇಕ ಮಾಡಿ, ‘ವಿಶೇಷ ಕಾಳಜಿಯ ತರಗತಿ’ ಎಂದು ಹೆಸರಿಟ್ಟು, ನಾಟಕದ ಪರದೆ, ಮುರಿದ ಹರ್ಡಲ್ಸು, ಹಳೇ ಗಣಪತಿಯ ಮಂಟಪ ಎಲ್ಲ ತುಂಬಿದ್ದ ಕೋಣೆಯಲ್ಲಿ ಕೂರಿಸಿ, ಟೀಚರನ್ನು ಅದರ ಒಳಗೆ ಹಾಕಿದರು. ಅವರ ಸೇವೆಯ ಕೊನೆಯ ವರ್ಷ ಅದು. ಟೀಚರ್ ತಲೆಕೆಡಿಸಿಕೊಂಡ ಹಾಗೆ ಕಾಣಲಿಲ್ಲ. “ಪರದೆ ಉಂಟಲ್ಲ, ಬಿಸಿಲು ಬಂದ್ರೆ ಹಾಕ್ಬಹುದು,” ಎಂದರು.

ಆದರೆ ಒಳಗೆ ಹೋದ ಮೇಲೆ ಅವರಿಗೆ ಗೊತ್ತಾಯಿತು. ಆ ಮಕ್ಕಳಿಗೆ ಕ್ಲಾಸ್ ಬಿಡಿ, ಶಬ್ದವೇ ಓದಲು ಬರುತ್ತಿರಲಿಲ್ಲ. ಒಂಬತ್ತು ವರ್ಷ ಎಲ್ಲ ಮಾಸ್ತರುಗಳೂ ಅವರನ್ನು ಒಂದೊಂದು ಮೆಟ್ಟಿಲು ಮೇಲೆ ತಳ್ಳಿ ಕೈತೊಳೆದುಕೊಂಡಿದ್ದರು. ಟೀಚರ್ ಕೆಂಪು ಸೀಮೆಸುಣ್ಣ ಒಳಗಿಟ್ಟರು. ನಾನು ಒಂದು ದಿನ ಹೋಗುವಾಗ ಕಿಟಕಿಯಿಂದ ತುಳು ಕೇಳಿತು. “ಬರ್ಸ ಬತ್ತ್ಂಡ” ಎನ್ನುತ್ತಿದ್ದರು ಟೀಚರ್. “ಮಳೆ ಬಂದರೆ” ಎನ್ನುತ್ತಿದ್ದರು ಮಕ್ಕಳು. “ಬತ್ತ್ಂಡ ಎಂಬಲ್ಲಿ ಕೊನೆಗೆ ಅಂಟಿದ್ದು ಉಂಟಲ್ಲ, ಇಂಗ್ಲಿಷಿನವ ಅದನ್ನು ಕಿತ್ತು ಮುಂದೆ ಹಾಕ್ತಾನೆ, ಇಫ್ ಅಂತ. ಅಷ್ಟೇ. ನಿಮಗೆ ಇದು ಮೊದಲೇ ಬರ್ತದೆ.” ನಿಮಗೆ ಇದು ಮೊದಲೇ ಬರುತ್ತದೆ ಎಂದು ಆ ಮಕ್ಕಳಿಗೆ ಯಾರೂ ಅಲ್ಲಿಯವರೆಗೆ ಹೇಳಿರಲಿಲ್ಲ. ನಾನಂತೂ ಹೇಳಿರಲಿಲ್ಲ.

ಹಮೀದನ ಮಗಳ ಹೆಸರು ಶಮೀನಾ. ಮಾತು ಕಡಿಮೆ, ಕೂದಲೊಂದೂ ಕಾಣದ ಹಾಗೆ ಶಾಲು ಹೊದ್ದು ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗಿ. ಡಿಸೆಂಬರಿನ ಹೊತ್ತಿಗೆ ಒಂದು ಬೆಳಿಗ್ಗೆ ಟೀಚರ್ ಸ್ಟಾಫ್ ರೂಮಿಗೆ ಓಡಿಕೊಂಡೇ ಬಂದರು. ಶಮೀನಾ ಇಂಗ್ಲಿಷಿನಲ್ಲಿ ಸ್ವಂತ ವಾಕ್ಯ ಮಾಡಿದ್ದಳು. ‘ಹೊಗೆ ಬರುವ ಮಿಕ್ಸಿ ನನ್ನ ತಂದೆಯ ಹತ್ತಿರ ಬರುತ್ತದೆ.’

“ವಿಚ್ ಹಾಕಿದ್ದಾಳೆ ಮಾರಾಯ್ರೆ! ಸರೀ ಜಾಗದಲ್ಲಿ!” ಎಂದು ಟೀಚರ್ ಆ ವಾಕ್ಯವನ್ನು ಎಲ್ಲರ ಮುಂದೆಯೂ ಹೇಳುತ್ತಾ ಹೋದರು. ಹೊಸತಾಗಿ ಹುಟ್ಟಿದ ಮಗುವನ್ನು ತೋರಿಸುವ ಹಾಗೆ. ಡ್ರಿಲ್ ಮಾಸ್ಟರು, ಒಳ್ಳೇ ರಿಪೇರಿಯವನಾ, ನಮ್ಮದೂ ಒಂದು ಮಿಕ್ಸಿ ಉಂಟು ಎಂದರು.

ರಿಸಲ್ಟ್ ಬಂತು. ಸಂಚಾಲಕರು ಮುನ್ನಾದಿನವೇ ‘ನೂರಕ್ಕೆ ನೂರು’ ಎಂದು ಫ್ಲೆಕ್ಸ್ ಮಾಡಿಸಿ ಇಟ್ಟಿದ್ದರು. ನಾಟಕದ ಕೋಣೆಯ ಮಕ್ಕಳೂ ಹೇಗೋ ಗಡಿ ದಾಟಿದ್ದರು, ಒಬ್ಬಳನ್ನು ಬಿಟ್ಟು. ಶಮೀನಾ ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಪಾಸಾಗಿದ್ದಳು. ಹೋದದ್ದು ಗಣಿತದಲ್ಲಿ, ಅಂದರೆ ನನ್ನದರಲ್ಲಿ.

ಫ್ಲೆಕ್ಸನ್ನು ಬಿಸಾಡಲು ಸಂಚಾಲಕರಿಗೆ ಮನಸ್ಸು ಬರಲಿಲ್ಲ. ನೂರರ ಮೇಲೆ ತೊಂಬತ್ತೆಂಟು ಎಂಬ ಸ್ಟಿಕ್ಕರ್ ಅಂಟಿಸಿ ಕೂಡುರಸ್ತೆಯಲ್ಲಿ ಕಟ್ಟಿಸಿದರು. ಅಡಿಯ ನೂರು ಮಬ್ಬಾಗಿ ಕಾಣುತ್ತಲೇ ಇತ್ತು. ಪಾಸಾದ ಎಲ್ಲ ಮಕ್ಕಳ ಫೋಟೋಗಳೂ ಅದರಲ್ಲಿದ್ದವು. “ನಾನು ಯಾರನ್ನೂ ದೂರುವುದಿಲ್ಲ, ಆದರೂ…” ಎಂದು ಅವರು ಮೀಟಿಂಗಿನಲ್ಲಿ ಟೀಚರ ಕಡೆ ನೋಡಿದರು. ‘ಆದರೂ ಎಂತ ಸಾರ್?’ ಎಂದು ಟೀಚರ್ ಕೇಳಲಿಲ್ಲ. ನಮಗೆಲ್ಲ ಆಶ್ಚರ್ಯ.

ಕೆಲವು ದಿನ ಕಳೆದು ಹಮೀದ್ ಶಾಲೆಗೆ ಬಂದ. ಮಗಳು ಎರಡನೆಯ ಪರೀಕ್ಷೆ ಬರೆಯುವುದಿಲ್ಲ ಎನ್ನುತ್ತಾಳೆ, ಕೋಣೆಯಿಂದ ಹೊರಗೇ ಬರುವುದಿಲ್ಲ ಎಂದ. “ಬೈದು ನೋಡಿದೆ ಟೀಚರೇ, ಪುಸಲಾಯಿಸಿ ನೋಡಿದೆ. ನಿಮ್ಮ ಮಾತು ಕೇಳ್ತಾಳಾ ಏನೋ.” ಟೀಚರ್ ಎದ್ದು ಚೀಲ ಹೆಗಲಿಗೆ ಹಾಕಿಕೊಂಡವರು ನನ್ನ ಕಡೆ ತಿರುಗಿ, “ನೀವೂ ಬನ್ನಿ, ನಿಮ್ಮ ಸಬ್ಜೆಕ್ಟು,” ಎಂದರು. ಹೋದೆ.

ಅಂಗಡಿಯ ಹಿಂದೆಯೇ ಮನೆ. ಹುಡುಗಿ ಬಾಗಿಲ ದಾರಂದಕ್ಕೆ ಆತು ನಿಂತಳು. ಬಂದು ಕೂರಲಿಲ್ಲ. ಟೀಚರ್, ಒಂದು ವಿಷಯ ತಾನೇ, ಅದೆಂಥ ದೊಡ್ಡದಾ, ಎಷ್ಟು ಜನ ಎರಡನೆಯ ಸಲ ಬರೆದು ಪಾಸಾಗುವುದಿಲ್ಲವಾ ಎಂದೆಲ್ಲ ಹೇಳಿದರು. ಅವಳು ಪೂರಾ ಕೇಳಿದಳು. ಆಮೇಲೆ ಹೇಳಿದಳು:

“ಅವತ್ತು ಟೀಸಿ ತಕ್ಕೊಂಡು ಹೋಗಿದ್ರೆ ನಾನು ಬೇರೆ ಎಲ್ಲಿಯಾದ್ರೂ ಫೇಲಾಗ್ತಿದ್ದೆ ಟೀಚರ್. ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಈಗ ಫ್ಲೆಕ್ಸಿನಲ್ಲಿ ಎಲ್ಲರ ಫೋಟೋ ಉಂಟು. ನನ್ನದು ಇಲ್ಲ ಅಂತ ಎಲ್ಲರಿಗೂ ಕಾಣ್ತದೆ. ಬೇಕರಿಗೆ ಹೋದ್ರೆ, ನೂರು ಹಾಳು ಮಾಡಿದ್ದು ಇವಳೇ ಅಂತ ಹೇಳ್ತಾರೆ.”

ಹಮೀದ್ ಅವಳನ್ನು ಗದರಲು ಬಾಯಿ ತೆರೆದ. ಟೀಚರ್ ಕೈ ಎತ್ತಿ ತಡೆದರು. ಸಭೆಯ ಆ ದಿನವನ್ನು ನಾವೆಲ್ಲ ಗೆದ್ದ ಕತೆಯಾಗಿ ಊರಿಡೀ ಹೇಳಿಕೊಂಡು ತಿರುಗಿದ್ದೆವು. ಆ ಗೆಲುವನ್ನು ಹೊತ್ತುಕೊಂಡು ಬೇಕರಿಗೆ ಹೋಗಬೇಕಾದವಳು ಈ ಹುಡುಗಿ.

“ಹೌದು,” ಎಂದರು ಟೀಚರ್. “ಅದು ನಾನು ಆಲೋಚನೆ ಮಾಡಿರ್ಲಿಲ್ಲ.”

ಮತ್ತೆ, “ನೀನು ಬರೀಬೇಕು ಅಂತ ನಾನು ಹೇಳುದಿಲ್ಲ. ನಾಳೆ ಬರ್ತೇನೆ. ಈ ಮಾಸ್ಟ್ರನ್ನೂ ಕರ್ಕೊಂಡು ಬರ್ತೇನೆ. ನೀನು ಒಳಗೆ ಕೂತ್ರೂ ಅಡ್ಡಿಲ್ಲ. ನಾನು ಹೊರಗೆ ಕೂತು ಕಲಿತೇನೆ,” ಎಂದರು.

“ನೀವು ಎಂತ ಕಲಿಯುದು?”

“ಗಣಿತ. ನಂಗೆ ಬರುದಿಲ್ಲ.”

ಮಾತಿಗೆ ಹೇಳಿದ್ದೆಂದು ನಾನು ತಿಳಿದೆ. ಅಲ್ಲ. ಆ ಬೇಸಗೆಯ ರಜೆಯಲ್ಲಿ ಅವರು ಸುಳ್ಯದಿಂದ ಬಸ್ಸು ಹತ್ತಿ, ನಾನು ಕಾಣಿಯೂರಿನಿಂದ ಸ್ಕೂಟರಿನಲ್ಲಿ, ಮಿಕ್ಸಿಗಳ ನಡುವೆ ಬೆಂಚು ಹಾಕಿ ಕೂತೆವು. ಟೀಚರ್ ನಿಜವಾದ ವಿದ್ಯಾರ್ಥಿನಿ, ಅದರಲ್ಲೂ ಕೆಟ್ಟ ವಿದ್ಯಾರ್ಥಿನಿ. ಎಕ್ಸ್ ಎಂತಕ್ಕೆ, ನೇರವಾಗಿ ಸಂಖ್ಯೆಯನ್ನೇ ಹೇಳಿದರೆ ಎಂತ ಕಷ್ಟ ಎಂದು ಜಗಳ ತೆಗೆಯುತ್ತಿದ್ದರು. ಮೈನಸ್ಸನ್ನು ಆಚೆ ಬದಿಗೆ ದಾಟಿಸಲು ಮರೆಯುತ್ತಿದ್ದರು. ಹುಡುಗಿ ಮೊದಲು ಕಿಟಕಿಯಿಂದ ನೋಡಿದಳು, ಮತ್ತೆ ಬಾಗಿಲಿಗೆ ಬಂದಳು. ಒಂದು ದಿನ ತಡೆಯಲಾಗದೆ, “ಅಯ್ಯೋ ಟೀಚರ್, ಚಿಹ್ನೆ ಬದಲಾಗ್ತದೆ ಅಲ್ವಾ!” ಎಂದು ಪೆನ್ಸಿಲ್ ಕಿತ್ತುಕೊಂಡಳು. ಆಮೇಲೆ ಅವಳೇ ಅವರಿಗೆ ಕಲಿಸತೊಡಗಿದಳು. ನನಗೆ ಕೆಲಸ ಉಳಿದದ್ದು ಅವಳ ತಾಯಿ ತಂದಿಟ್ಟ ಹಲಸಿನ ಹಣ್ಣು ತಿನ್ನುವುದು.

ಒಮ್ಮೆ ಅವರ ಬಸ್ಸಿನವರೆಗೆ ಒಟ್ಟಿಗೆ ನಡೆಯುವಾಗ ಹೇಳಿದೆ, ಚೆಂದ ನಾಟಕ ಮಾಡ್ತೀರಿ ನೀವು ಎಂದು.

“ನಾಟಕ ಎಂತ ಇಲ್ಲ ಮಾರಾಯ್ರೆ,” ಎಂದು ಸಿಟ್ಟಾದರು. “ನಂಗೆ ನಿಜವಾಗಿ ಗೊತ್ತಾಗುದಿಲ್ಲ. ನೀವು ಕಲಿಸುದೂ ಅಷ್ಟಕ್ಕಷ್ಟೆ.”

ಅವರ ವಿದಾಯ ಸಮಾರಂಭ ಈ ನಡುವೆಯೇ ಬಂದು ಹೋಯಿತು. ಅಲ್ಲಿ ಸಂಚಾಲಕರು ಕನ್ನಡದಲ್ಲಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಬಹಳ ಎಚ್ಚರದಿಂದ ಮಾತಾಡಿದರು. ಮರುದಿನ ಟೀಚರ್ ಎಂದಿನಂತೆ ಕುಂಬ್ರದಲ್ಲಿ ಬಸ್ಸಿನಿಂದ ಇಳಿದರು. ಪರೀಕ್ಷೆಯ ದಿನ ಕೇಂದ್ರದ ಗೇಟಿನವರೆಗೆ ಹುಡುಗಿಯ ಜೊತೆ ಹೋದರು.

ಶಮೀನಾ ಪಾಸಾದಳು. ಶಾಲೆಯಲ್ಲಿ ದೊಡ್ಡ ಸಂಭ್ರಮ. ಸಂಚಾಲಕರು ಹೊಸ ಫ್ಲೆಕ್ಸಿಗೆ ಆರ್ಡರ್ ಕೊಟ್ಟರು. ದೊಡ್ಡಕ್ಷರದಲ್ಲಿ ನೂರಕ್ಕೆ ನೂರು, ಅದರಡಿಗೆ ಸಣ್ಣಕ್ಷರದಲ್ಲಿ ‘ಎರಡನೆಯ ಪರೀಕ್ಷೆ ಸೇರಿ’ ಎಂದು. ಹುಡುಗಿಯ ಫೋಟೋ ತರಲಿಕ್ಕೆ ಜನ ಕಳಿಸಿದರು. ಹಮೀದನಿಗೆ ಕೊಡಲು ಆಸೆ ಇತ್ತು. ಮಗಳು ಕೊಡಲಿಲ್ಲ. ಫೋಟೋ ಇಲ್ಲದ ಆ ಜಾಗದಲ್ಲಿ ಸಂಚಾಲಕರು ತಮ್ಮದನ್ನೇ ಹಾಕಿಸಿಕೊಂಡರು.

ಪುತ್ತೂರಿನ ಒಂದು ಕಾಲೇಜಿನಲ್ಲಿ ಪಿಯುಸಿಗೆ ಸೇರಿಸುವ ದಿನ ಹಮೀದನಿಗೆ ಅಂಗಡಿ ಬಿಟ್ಟು ಹೋಗಲು ಆಗಲಿಲ್ಲ. ಮಳೆ ಹಿಡಿದು ಊರಿನ ಮಿಕ್ಸಿಗಳೆಲ್ಲ ಒಟ್ಟಿಗೆ ಕೆಟ್ಟಿದ್ದವು. ಟೀಚರೇ ಹುಡುಗಿಯನ್ನು ಕರೆದುಕೊಂಡು ಹೋದರು. ಮಧ್ಯಾಹ್ನ ನನಗೆ ಅವರ ಫೋನು ಬಂತು. ಹಿಂದಿನಿಂದ ಬಸ್ಸುಗಳ ಹಾರ್ನು. ಬಸ್ ಸ್ಟ್ಯಾಂಡಿನ ಹತ್ತಿರ ಸೋಡಾ ಕುಡಿಯುತ್ತಾ ಇದ್ದೇನೆ ಎಂದರು. ಅವರು ಹೇಳಿದ್ದು ಇಷ್ಟು.

ಅಡ್ಮಿಷನ್ನಿಗೆ ಕೂತಿದ್ದ ಉಪನ್ಯಾಸಕರು ಅಂಕಪಟ್ಟಿ ನೋಡಿ ಹುಬ್ಬು ಗಂಟಿಕ್ಕಿ, “ಮೊದಲನೇ ಸಲ ಯಾಕೆ ಫೇಲಾದದ್ದು?” ಎಂದು ಕೇಳಿದರಂತೆ. ಟೀಚರ್ ಉತ್ತರಕ್ಕೆ ತಯಾರಾಗಿ ಕುರ್ಚಿಯ ತುದಿಗೆ ಬಂದಿದ್ದರಂತೆ. ಒಂಬತ್ತು ವರ್ಷ ಯಾರೂ ಕಲಿಸದೆ ಇದ್ದದ್ದು, ನಾಟಕದ ಕೋಣೆ, ಸಂಚಾಲಕರು, ಗಣಿತದ ಮೇಷ್ಟ್ರು, ಎಲ್ಲ ಅದರಲ್ಲಿತ್ತಂತೆ. ಅಷ್ಟರಲ್ಲಿ ಹುಡುಗಿ ಮಾತಾಡಿದಳಂತೆ.

“ಫೇಲಾದೆ. ಪುನಃ ಬರೆದೆ. ಪಾಸಾದೆ.”

ಉಪನ್ಯಾಸಕರು ಅವಳ ಮುಖ ನೋಡಿ, ಸೀಲು ಹೊಡೆದು, ಮುಂದಿನವರನ್ನು ಕರೆದರಂತೆ.

“ಒಂದು ಬಿಕಾಸ್ ಇಲ್ಲ ಮಾರಾಯ್ರೆ ಅದರಲ್ಲಿ!” ಎಂದರು ಟೀಚರ್. “ನಾನು ನಾಲ್ಕೈದು ಬಾಯಲ್ಲಿ ಇಟ್ಕೊಂಡೇ ಕೂತಿದ್ದೆ.”

“ಎಲ್ಲಿ ಅವಳು? ಫೋನು ಕೊಡಿ ಒಮ್ಮೆ.”

“ಕುಂಬ್ರದ ಬಸ್ಸು ಬಂತು. ‘ನೀವು ನಿಧಾನ ಕುಡಿದು ಬನ್ನಿ ಟೀಚರ್’ ಅಂತ ಹೇಳಿ ಹತ್ತಿ ಹೋದ್ಲು.”